ಅತ್ತೆಯ ದನಿಯಿದ್ದ ಡಿಸ್ಕ್

“ಎಲ್ಲಾ ನಕಲಾಯ್ತು ಅಂತ ತೋರಿಸ್ತಲ್ಲ, ಇನ್ನೇನು ಬಾಕಿ ಉಳೀತು ಇದಕ್ಕೆ?”

ನನ್ನಷ್ಟಕ್ಕೆ ನಾನೇ ಗೊಣಗಿದೆ; ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಕಂಪ್ಯೂಟರಿನ ಕಪ್ಪು ಪರದೆಯ ಮೂಲೆಯಲ್ಲಿ ಬಿಳಿ ಗೆರೆಯೊಂದು ಮಿಟುಕುತ್ತಿತ್ತು.

ಅತ್ತೆ, ಅಂದರೆ ಅಪ್ಪನ ಅಕ್ಕ, ದಿನಾ ಬೆಳಿಗ್ಗೆ ಪದ್ಯ ಓದುತ್ತಿದ್ದರು. ನನಗೆ ಅಕ್ಷರ ಬರುವ ಮೊದಲೇ ಆ ದೇವರ ಪದ್ಯಗಳು ಕಿವಿಗೆ ಬಂದಿದ್ದವು. ಹೋದ ವರ್ಷ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಅವರ ದನಿ ಹೋಯಿತು. ಅತ್ತೆಯ ಗಂಡ, ನಮ್ಮ ಮಾವ, ಬದುಕಿದ್ದಾಗ ಧ್ವನಿಮುದ್ರಿಸಿಟ್ಟ ಅರವತ್ತೆರಡು ಪದ್ಯಗಳಷ್ಟೇ ಉಳಿದಿದ್ದವು, ಈ ಹಳೆಯ ಕಂಪ್ಯೂಟರಿನಲ್ಲಿ. ಅವನ್ನು ತೆರೆಯುವ ತಂತ್ರಾಂಶವೂ ಇದೊಂದರಲ್ಲಿ ಬಿಟ್ಟರೆ ಬೇರೆಲ್ಲೂ ಓಡದು. ಅವೆಲ್ಲ ಇದ್ದ ಡಿಸ್ಕ್, ಇನ್ನೇನು ಕೆಡುತ್ತೇನೆ ಎಂಬಂತೆ, ಕಟಕಟ ಎನ್ನತೊಡಗಿತು. ಹೊಸ ಡಿಸ್ಕ್ ತಂದು ಪಕ್ಕದಲ್ಲೇ ಜೋಡಿಸಿ, ಹಳೆಯದನ್ನು ಪೂರ್ತಿ ಅದಕ್ಕೆ ನಕಲು ಮಾಡಿದೆ. ಅಲ್ಲಿಂದಾಚೆ ಕಂಪ್ಯೂಟರ್ ಏಳಲೇ ಇಲ್ಲ.

ರಿಪೇರಿ ಮಾಡುವಾಕೆ ಬಂದರು. ಯಾವಾಗಲೂ ತುಟಿಯಲ್ಲೊಂದು ಸ್ಕ್ರೂ ಕಚ್ಚಿಕೊಂಡಿರುವುದರಿಂದ ಬೀದಿಗೆಲ್ಲ ಅವರು ಸ್ಕ್ರೂ ಅಕ್ಕ. ಪಕ್ಕದ ಮುಚ್ಚಳ ತೆಗೆದು ಇಣುಕಿದರು.

“ಹಳೇದನ್ನ ಇನ್ನೂ ಒಳಗೇ ಬಿಟ್ಟಿದ್ದೀರಲ್ಲ?”

“ಇಷ್ಟು ವರ್ಷ ಅತ್ತೆ ದನೀನ ಕಾಪಾಡಿದೆ ಅಕ್ಕ. ಹೊಸದು ಬಂದ ದಿನವೇ ಕಿತ್ತು ಹಾಕೋಕೆ ಮನಸ್ಸಾಗಲಿಲ್ಲ.”

“ಚೆನ್ನಾಗಿದೆ. ನಿವೃತ್ತಿಯಾದ ಹೆಡ್‌ಮೇಷ್ಟ್ರನ್ನ ಕುರ್ಚಿಯಲ್ಲೇ ಕೂರಿಸಿ, ಹೊಸಬರನ್ನ ಬಾಗಿಲಲ್ಲಿ ನಿಲ್ಲಿಸಿದ್ದೀರಿ. ಕಂಪ್ಯೂಟರ್ ಮೊದಲು ಹಳಬರ ಹತ್ರಾನೇ ಹೋಗುತ್ತೆ. ಅವರಿಗೋ ಉಸಿರೆತ್ತೋಕೂ ಆಗ್ತಿಲ್ಲ. ಇದು ಕೈಕಟ್ಟಿ ಕಾಯ್ತಾ ನಿಂತಿದೆ.”

ಹಳೆಯ ಡಿಸ್ಕನ್ನು ಬಿಚ್ಚಿ ಬಟ್ಟೆಯ ಮೇಲಿಟ್ಟು, ಅದರ ಜಾಗಕ್ಕೆ ಹೊಸದನ್ನು ಕೂರಿಸಿದರು. ಈ ಸಲ ಪರದೆಯಲ್ಲಿ, ಡಿಸ್ಕೇ ಸಿಗಲಿಲ್ಲ ಎಂಬ ಸಾಲು ಬಂತು. ತಿರುಗಿ ನೋಡಿದರೆ ಅತ್ತೆ, ಈಗ ಮಾತಿನ ಬದಲು ಬರೆದು ತೋರಿಸುವ ಸ್ಲೇಟನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ.

“ಗಾಬರಿ ಬೇಡಮ್ಮ,” ಎಂದು ಸ್ಕ್ರೂ ಅಕ್ಕ ಅವರಿಗೇ ಹೇಳಿದರು. “ಮೊದಲು ಯಾರನ್ನ ಎಬ್ಬಿಸಬೇಕು ಅಂತ ಇದರೊಳಗೊಂದು ಪಟ್ಟಿ ಇರುತ್ತೆ. ಅದರಲ್ಲಿ ಇನ್ನೂ ಹಳಬರ ಹೆಸರೇ ಇದೆ.”

ನೀಲಿ ಪುಟವೊಂದನ್ನು ತೆರೆದು, ಹೊಸ ಡಿಸ್ಕನ್ನು ಪಟ್ಟಿಯ ತಲೆಗೆ ತಂದರು.

ಕಂಪ್ಯೂಟರ್ ಎದ್ದಿತು. ಅರವತ್ತೆರಡೂ ಇದ್ದವು. ಮೊದಲನೆಯದನ್ನು ಒತ್ತಿದೆ. ಅತ್ತೆಯ ದನಿ ಕೋಣೆ ತುಂಬಿತು. ಅತ್ತೆಯ ತುಟಿ ಸದ್ದಿಲ್ಲದೆ ಅದರ ಜೊತೆ ನಡೆಯಿತು. ಮೂರನೆಯ ಸಾಲಿನ ನಡುವೆ, ಆ ಧ್ವನಿಮುದ್ರಣದಲ್ಲೇ, ಯಾರೋ ಗಟ್ಟಿಯಾಗಿ ಕೆಮ್ಮಿದರು. ಸ್ಕ್ರೂ ಅಕ್ಕ ತುಟಿಯ ಸ್ಕ್ರೂ ತೆಗೆದು ಮೇಜಿನ ಮೇಲಿಟ್ಟು, ಪದ್ಯ ಮುಗಿಯುವವರೆಗೆ ಏನನ್ನೂ ಮುಟ್ಟಲಿಲ್ಲ.

ನಾನು ಕೈ ಮುಗಿದೆ.

“ನನಗ್ಯಾಕೆ ಮುಗೀತೀರಿ? ನಕಲು ನೀವೇ ಸರಿಯಾಗಿ ಮಾಡಿದ್ರಿ, ನಾನು ಪಟ್ಟಿಯ ಸರದಿ ಬದಲಾಯಿಸಿದೆ ಅಷ್ಟೇ,” ಎಂದು ಅವರು ಅತ್ತೆಯ ಕಡೆ ತಿರುಗಿದರು. “ಅಮ್ಮ, ಆ ಕೆಮ್ಮೊಂದು ಅಡ್ಡ ಬರುತ್ತೆ. ಐದು ನಿಮಿಷದ ಕೆಲಸ. ಅಳಿಸೋಕೆ ಬಿಡಿ.”

ಅತ್ತೆ ಸ್ಲೇಟಿನ ತುಂಬ ದೊಡ್ಡದಾಗಿ ಬರೆದು ಎತ್ತಿ ಹಿಡಿದರು: ‘ಬಿಡಲ್ಲ. ಅದು ನಮ್ಮವರ ಕೆಮ್ಮು.’