ಭಾವನ ಹೊರೆಯ ಬೆಳ್ಳಿ ಎಲೆ

ಭಾವ ತಂದ ಹುಲ್ಲಿನ ಹೊರೆ ಬಿಚ್ಚಿದವಳೇ ಅವಳು ತನ್ನ ಮೇವು ಕತ್ತರಿಸುವ ಯಂತ್ರವನ್ನು ನಿಲ್ಲಿಸಿಬಿಟ್ಟಳು. ಮೇವು ಕತ್ತರಿಸಿಕೊಳ್ಳಲು ಸಾಲಿನಲ್ಲಿ ನಿಂತಿದ್ದ ನೆರೆಯವರು ಇಣುಕಿ ನೋಡಿದರು.

ಹುಲ್ಲಿನ ನಡುವೆ ಅವಳಿಗೆ ಚೆನ್ನಾಗಿ ಗೊತ್ತಿದ್ದ ಆ ಕಳೆಗಿಡ. ಬೂದಿ ಬಳಿದಂಥ ಬೆಳ್ಳಿ ಬಣ್ಣದ ಎಲೆ, ಕಾಂಡಕ್ಕೆ ಸಣ್ಣ ಮುಳ್ಳು, ಹಳದಿ ಮೂತಿಯ ನೇರಳೆ ಹೂವು, ಪುಟ್ಟ ಟೊಮ್ಯಾಟೊದಂಥ ಹಳದಿ ಕಾಯಿ.

"ಇದನ್ನ ಆರಿಸಿ ತೆಗೆಯೋವರೆಗೂ ಯಂತ್ರ ತಿರುಗಲ್ಲ, ಭಾವ."

ಭಾವ ನಕ್ಕುಬಿಟ್ಟ. ತನ್ನ ಹೊಲದ ಬದುವಿನಲ್ಲಿ ಎಷ್ಟೋ ವರ್ಷಗಳಿಂದ ಇರುವ ಗಿಡ. ತನ್ನ ಹಸು ಮೂಸಿ ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಬಾಯಿ ಹಾಕಿದ್ದಿಲ್ಲ. ತುಂಬು ಗಬ್ಬದ ಹಸು, ಇವತ್ತೋ ನಾಳೆಯೋ ಕರು ಹಾಕುವುದು, ಅದನ್ನು ಮೇವಿಗೆ ಕಾಯಿಸಬೇಡ ಎಂದ. ಹಿಂದಿದ್ದವರೂ ಗೊಣಗಿದರು.

ಅವಳು ಯಂತ್ರವನ್ನು ಒಂದು ಗಳಿಗೆ ತಿರುಗಿಸಿ, ಒಂದೇ ಒಂದು ಗಿಡವನ್ನು ಹುಲ್ಲಿನ ಜೊತೆ ಅದಕ್ಕೆ ಕೊಟ್ಟು ಮತ್ತೆ ನಿಲ್ಲಿಸಿ, ಬಿದ್ದ ಚೂರನ್ನು ಬುಟ್ಟಿಯಲ್ಲಿ ಅವನ ಮುಂದಿಟ್ಟಳು.

"ಇಡೀ ಗಿಡ ಆದರೆ ಹಸು ಬಿಟ್ಟೀತು, ಚೂರಾದ ಮೇಲೆ? ನೀವೇ ಆರಿಸಿ ಕೊಡಿ. ನಿಮ್ಮ ಹಸುಗಿಂತ ನಿಮಗೆ ಬುದ್ಧಿ ಜಾಸ್ತಿ ಅಲ್ವಾ?"

ಭಾವ ಕುಕ್ಕರಗಾಲಿನಲ್ಲಿ ಕೂತ. ಬೆರಳಾಡಿಸಿದ. ಮುಳ್ಳು ಚುಚ್ಚಿತು. ನಾಲ್ಕು ಚೂರು ಸಿಕ್ಕವು, ಉಳಿದವು ಸಿಗಲಿಲ್ಲ.

ಆಗ ಅವಳು ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೇಳಿದಳು. "ಹೋದ ವರ್ಷ ನಮ್ಮ ಹಸು ಜೊಲ್ಲು ಸುರಿಸ್ಕೊಂಡು, ಕಾಲು ನಡುಗಿ ಬಿದ್ದು ಸತ್ತಿತಲ್ಲ, ಅಜೀರ್ಣ ಅಂದಿದ್ದೆ. ಸುಳ್ಳು. ಇದನ್ನ ನನ್ನ ಕೈಯಾರೆ ಕತ್ತರಿಸಿ ಹಾಕಿದ್ದೆ. ಒಣಗಿದರೂ ಇದರ ವಿಷ ಹೋಗಲ್ಲ ಅಂತ ದನದ ಡಾಕ್ಟರು ಹೇಳೋ ಹೊತ್ತಿಗೆ ಹಸು ಇರಲಿಲ್ಲ. ಇನ್ನು ಇದನ್ನ ಕತ್ತರಿಸೋದು ನನ್ನ ಕೈಯಿಂದ ಆಗಲ್ಲ. ಬೇಕಾದರೆ ಬೇರೆ ಯಂತ್ರ ಹುಡುಕ್ಕೊಳ್ಳಿ."

ಭಾವ ಬುಟ್ಟಿಯನ್ನು ದೂರ ತಳ್ಳಿದ. ನಾಳೆಯೇ ಬದುವಿಗೆ ನೇಗಿಲು ಹೂಡುತ್ತೇನೆ ಎಂದ. ಅದೂ ಬೇಡ ಎಂದಳು ಅವಳು. ಬೇರು ಆಳಕ್ಕಿಳಿದಿರುತ್ತದೆ, ತುಂಡಾದ ಒಂದೊಂದು ಚೂರೂ ಮತ್ತೆ ಚಿಗುರುತ್ತದೆ. ಒಂದು ಗಿಡ ಹತ್ತಾಗುತ್ತದೆ.

"ಹಂಗಾದರೆ ಇದು ನಿನ್ನಷ್ಟೇ ಹಠಮಾರಿ," ಎಂದು ಭಾವ ಹೊರೆ ಹರಡಿ ಗಿಡ ಆರಿಸಲು ಕೂತ. ಹಿಂದಿದ್ದವರೂ ಒಬ್ಬೊಬ್ಬರಾಗಿ ತಮ್ಮ ಹೊರೆ ಬಿಚ್ಚಿದರು. ಕೊನೆಯ ಕಾಯಿ ಹೊರಬಿದ್ದ ಮೇಲೆಯೇ ಯಂತ್ರ ಮತ್ತೆ ತಿರುಗಿತು.

ಓದುತ್ತಿರುವ ನೀವೂ ಇವತ್ತೇ ನಿಮ್ಮ ಹೊರೆ ಬಿಚ್ಚಿ ನೋಡಿ. ಕೈಗವಸು ತೊಟ್ಟು ಈ ಗಿಡವನ್ನು ಬೇರ್ಪಡಿಸಿ. ಕಾಯಿ ಮಕ್ಕಳ ಕೈಗೆ ಸಿಗದಿರಲಿ. ಹೊಲದಲ್ಲಿ ಕಂಡರೆ ಉಳಬೇಡಿ. ಕೃಷಿ ಅಧಿಕಾರಿಯನ್ನು ಕೇಳಿ, ಕಾಯಿ ಕಟ್ಟುವ ಮೊದಲೇ ಕೀಳಿ, ಚಿಗುರಿದಾಗೆಲ್ಲ ಮತ್ತೆ ಕೀಳಿ. ಅದು ಸೋಲೊಪ್ಪುವುದಿಲ್ಲ. ನೀವೂ ಒಪ್ಪಬೇಡಿ.