ಎತ್ತುವ ಹೊತ್ತಿನ ಏರು

ಪುಷ್ಯದ ಚಳಿ ಇನ್ನೂ ನೆಲ ಬಿಟ್ಟಿರಲಿಲ್ಲ. ಪೆದ್ದೆಮುಲ್ ಕಡೆಯ ಹೊಲಗಳಲ್ಲಿ ತೊಗರಿ ರಾಶಿ ನಡೆದಿತ್ತು. ಮನ್ಮಥಪ್ಪ ತೀರಿಕೊಂಡನೆಂಬ ಸುದ್ದಿ ಬಂದದ್ದೇ ಮಂದಿ ರಾಶಿ ಯಂತ್ರ ನಿಲ್ಲಿಸಿ, ತಲೆಯ ಮೇಲಿನ ಹೊಟ್ಟನ್ನೂ ಝಾಡಿಸದೆ ಅವನ ಅಂಗಳಕ್ಕೆ ಬಂದರು. ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂಡಿಸಿದ್ದ ಹೆಣದ ಎದುರು ಭಜನೆ ಹಾಡಲು ಲಿಂಗರಾಜ ಲ್ಯಾಪ್‌ಟಾಪ್ ಬಿಚ್ಚುತ್ತಿದ್ದ.

"ಸುರು ಮಾಡಪಾ, ಮುದುಕ ಕಾಯಾಕತ್ತಾನ" ಎಂದ ಬೀರಣ್ಣ. ಮಾತಿನಲ್ಲಿ ನಗೆಯಿತ್ತು, ಕಣ್ಣಲ್ಲಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಊರಿನ ಭಜನೆ ಮೇಳದಲ್ಲಿ ಐವರಿದ್ದರು. ಮುಂದೆ ಮನ್ಮಥಪ್ಪ, ಡೋಲಕಿಗೆ ಬೀರಣ್ಣ, ತಾಳಕ್ಕೆ ಲಿಂಗರಾಜ, ಹಿಂದೆ ದನಿಗೂಡಿಸುವವರಿಬ್ಬರು. ಜಹೀರಾಬಾದಿನ ಸೌಂಡ್ ಅಂಗಡಿಯಲ್ಲಿ ದುಡಿಯುತ್ತ ಲಿಂಗರಾಜ ಎರಡು ಕಂಪ್ಯೂಟರ್ ಪ್ರೋಗ್ರಾಮು ಕಲಿತುಬಂದ. ಒಂದು ತಬಲಾ ನುಡಿಸುತ್ತದೆ. ಇನ್ನೊಂದು, ಹಾಡಿದ ಸಾಲನ್ನು ಹಿಡಿದುಕೊಂಡು ಗಾಣದ ಎತ್ತಿನಂತೆ ಸುತ್ತುತ್ತದೆ. ಅದರ ಮೇಲೆ ತಾಳ, ತಾಳದ ಮೇಲೆ ಮತ್ತೊಂದು ದನಿ ಪೇರಿಸಿದರೆ ಒಬ್ಬನೇ ಐವರಾಗುತ್ತಾನೆ. ನಾರಾಯಣಖೇಡದಿಂದ ತಾಂಡೂರಿನವರೆಗೆ ಕರೆ ಬಂದವು. ಉಳಿದವರನ್ನು ಅವನು ಬೇಡವೆನ್ನಲಿಲ್ಲ. ಕರೆಯುವುದನ್ನು ಬಿಟ್ಟ, ಅಷ್ಟೆ. ಬೀರಣ್ಣನ ಡೋಲಕಿಯ ಚರ್ಮ ಇಲಿ ತಿಂದಿತ್ತು. ಲಿಂಗರಾಜನೂ ತಾಳ ಮುಟ್ಟಿ ಎರಡು ವರ್ಷವಾಗಿತ್ತು. ಅದರ ಸದ್ದೂ ಯಂತ್ರದೊಳಗೇ ಇತ್ತು.

"ಐದ್ ಮಂದಿ ಒಂದೇ ಡಬ್ಬ್ಯಾಗ ಕುಂತಾರಲ್ಲೋ, ಚಾ ಯಾರಿಗಿ ಕೊಡ್ಲಿ?" ಎಂದು ಮನ್ಮಥಪ್ಪ ನಗುತ್ತಿದ್ದ. ಹಾಸಿಗೆ ಹಿಡಿದ ಮೇಲೆ ಮಾತ್ರ ಒಂದು ದಿನ ಶಿಷ್ಯ ಲಿಂಗರಾಜನ ಮುಂಗೈ ಹಿಡಿದು ಕೇಳಿದ್ದ: "ನನಗ ಎತ್ತೋ ಹೊತ್ತಿಗಿ ಏರು ಬರಬೇಕ್ ನೋಡು. ನಿನ್ನ ಡಬ್ಬಿ ಏರ್ತದೇನು?"

"ಏರಸ್ತೀನಿ ಕಾಕಾ. ಮಾತ್ ಕೊಟ್ಟೀನಿ."

ಹೆಣ ಎತ್ತುವಾಗ ಲಯ ಬಿರುಸಾಗಬೇಕು, ಹೊರುವವರ ಹೆಜ್ಜೆ ಅದರ ಮೇಲೆ ಏಳಬೇಕು, ಅದೇ ಏರು. ಗುರುದಕ್ಷಿಣೆಯೆಂದು ಒಂದು ತೆಂಗಿನಕಾಯಿಯನ್ನೂ ಮುಟ್ಟದೆ ವಿದ್ಯೆ ಕೊಟ್ಟವನು ಕೇಳಿದ್ದು ಇದೊಂದನ್ನೇ. ಎರಡು ಪ್ರೋಗ್ರಾಮನ್ನೂ ಒಂದೇ ಗಡಿಯಾರಕ್ಕೆ ಕಟ್ಟಿದರೆ ತಬಲಾ ಓಡಿದಂತೆ ಹಿಡಿದ ದನಿಯೂ ಓಡುತ್ತದೆ. ಲಿಂಗರಾಜ ತಿಂಗಳುಗಟ್ಟಲೆ ಅದನ್ನೇ ರೂಢಿ ಮಾಡಿದ್ದ.

"ಏ ಸುರು ಮಾಡೋ, ಹೊತ್ತೇರ್ತದ!" ಹಿಂದಿನಿಂದ ಇನ್ನಾರೋ ಕೂಗಿದರು. ಅವನು ಗಡಿಬಿಡಿಯಲ್ಲಿ ಕಾಲಡಿಯ ಪೆಡಲ್ ಒತ್ತಿ ಹಾಡೆತ್ತಿದ. ಸಾಲು ಸುತ್ತತೊಡಗಿತು, ತಾಳ ಕೂಡಿತು, ತಬಲಾ ಬಂತು. ನಾಲ್ಕನೇ ಸುತ್ತಿಗೆ ಅವನ ಕಣ್ಣು ಪರದೆಯ ಮೂಲೆಗೆ ಹೋಯಿತು. ಎರಡನ್ನೂ ಕಟ್ಟುವ ಗುಂಡಿಯ ದೀಪ ಆರಿತ್ತು. ನಿನ್ನೆ ನಾರಾಯಣಖೇಡದ ಮದುವೆಯಲ್ಲಿ ಬಿಚ್ಚಿದ್ದನ್ನು ಮತ್ತೆ ಕಟ್ಟಿರಲಿಲ್ಲ. ಸದ್ಯಕ್ಕೆ ಎರಡೂ ಅಕ್ಕಪಕ್ಕ ನಡೆಯುತ್ತಿದ್ದವು, ಆದರೆ ಒಂದರ ಕೊರಳಿಗೆ ಇನ್ನೊಂದರ ಹಗ್ಗವಿರಲಿಲ್ಲ.

ಕಟ್ಟಬೇಕಾದರೆ ಎರಡನ್ನೂ ಮುಚ್ಚಿ ತೆರೆಯಬೇಕು. ಹೆಣದ ಮುಂದೆ ಎದ್ದ ತಾಳ ಎತ್ತುವತನಕ ನಿಲ್ಲುವಂತಿಲ್ಲ. ಮೇಳವಿದ್ದಾಗ ಒಬ್ಬ ನೀರು ಕುಡಿಯಲು ಎದ್ದರೆ ಹಾಡು ಹಿಡಿಯಲು ನಾಲ್ವರು ಇರುತ್ತಿದ್ದರು. ಲಿಂಗರಾಜ ಕೂತಲ್ಲೇ ಬೆವರಿದ. ಎರಡು ತಾಸು ಹಾಡಿದ. ಅವನ ದನಿಯೇ ಹಿಂದಿನಿಂದ ಬಂದು ಅವನನ್ನು ದಬ್ಬುತ್ತಿತ್ತು. ಸ್ವಾಮಿಗಳು ಬರುವುದನ್ನು, ಹೆಣ ಕೂಡಿಸಿ ಹೊರುವ, ಬಾಳೆಗಿಡ ಕಟ್ಟಿದ ಬಿದಿರಿನ ವಿಮಾನ ಅಂಗಳಕ್ಕೆ ಇಳಿಯುವುದನ್ನು ನೋಡುತ್ತಲೇ ಇದ್ದ.

ಬೀರಣ್ಣ ಮತ್ತು ಮೂವರು ಹೆಗಲು ಕೊಟ್ಟರು.

"ಏರ್ಸೋ ಲಿಂಗರಾಜಾ!"

ಬೇರೆ ದಾರಿಯಿರಲಿಲ್ಲ. ಏರಿಸಿದ. ತಬಲಾ ಓಡಿತು, ಹಿಡಿದ ದನಿಗಳು ಹಳೆಯ ಹೆಜ್ಜೆಯಲ್ಲೇ ಉಳಿದವು. ಒಂದೆತ್ತು ಓಡಿ ಇನ್ನೊಂದು ನೊಗದಡಿ ಮಲಗಿದ ಬಂಡಿಯಂತಾಯಿತು. ಹೊರುವವರ ಕಾಲು ತೊಡರಿ ವಿಮಾನ ಒಂದು ಕಡೆ ವಾಲಿತು. ಯಾರೋ ಕಿಸಕ್ಕೆಂದು ತುಟಿ ಕಚ್ಚಿಕೊಂಡರು.

ಮನ್ಮಥಪ್ಪನ ಹೆಂಡತಿ ಸುಗಲಾಬಾಯಿ ಜಗುಲಿಯ ಗೂಡಿನಿಂದ ಗಂಡನ ಕಂಚಿನ ತಾಳ ತಂದು ಅವನ ಕೈಗೆ ತುರುಕಿದಳು. "ಬಂದ್ ಮಾಡದನ್ನ. ಹಿಡಿ ಇದು."

"ಕಾಕಿ, ನಾ..."

"ಹಿಡಿ ಅಂದ್ನೆಲ್ಲ."

ಅವನು ಪೆಡಲ್ ಒತ್ತಿದ. ಎಲ್ಲ ನಿಂತಿತು. ತಾಳ ಬಾರಿಸಿದ. ಕಂಚು ತಣ್ಣಗಿತ್ತು, ದನಿ ಚೊಕ್ಕವಾಗಿತ್ತು. ವಾಲಿದ್ದ ವಿಮಾನ ಮತ್ತೆ ಮೇಲೆದ್ದಿತು. ಅವನು ಬಿರುಸು ಮಾಡಿದ. ನಾಲ್ಕು ಪೆಟ್ಟು ಮುಂದೆ ಹೋದ ಕೈ ಐದನೆಯದಕ್ಕೆ ತಿರುಗಿ ಯಂತ್ರದ ಹಳೆಯ ಹೆಜ್ಜೆಗೇ ಬಂದು ನಿಂತಿತು. ಮತ್ತೆ ದಬ್ಬಿದ. ಮತ್ತೆ ಬಂತು.

"ಏರ್ಸು ಕೂಸೇ" ಎಂದಳು ಸುಗಲಾಬಾಯಿ, ಪಕ್ಕದಲ್ಲೇ ನಡೆಯುತ್ತ. ತಾನೇ ಚಪ್ಪಾಳೆ ತಟ್ಟಿ ತೋರಿಸಿದಳು. ಹೆಗಲ ಮೇಲೆ ವಿಮಾನ ಹೊತ್ತ ಬೀರಣ್ಣ ಖಾಲಿ ಕೈಯಿಂದ ಬಿದಿರಿನ ಮೇಲೆ ಬಿರುಸಾಗಿ ಬಡಿದ. ಸ್ವಲ್ಪ ದೂರ ಹೋದ ಮೇಲೆ ಇಬ್ಬರೂ ಬಿಟ್ಟರು. ತೊಗರಿ ಬಣವಿಗಳ ನಡುವಿನ ದಾರಿಯುದ್ದಕ್ಕೂ ಹೊರುವವರು ಒಂದೇ ಹೆಜ್ಜೆಯಲ್ಲಿ, ಹೊಲ ಅಳೆಯುವವರಂತೆ ನಡೆದರು.

ಕುಣಿ ಮುಚ್ಚಿದ ಮೇಲೆ ಸುಗಲಾಬಾಯಿ ಸೆರಗೊಡ್ಡಿದಳು. ಲಿಂಗರಾಜ ತಾಳವನ್ನು ಅದರಲ್ಲಿಟ್ಟ. ಅವಳು ಗಂಟು ಕಟ್ಟಿಕೊಂಡು ಮುಂದೆ ನಡೆದಳು.

ಅವನು ಬದುವಿನ ಮೇಲೆ ಕುಳಿತ. ಬೆರಳುಗಳು ತೊಡೆಯ ಮೇಲೆ ಅದೇ ಹಳೆಯ ಹೆಜ್ಜೆಯಲ್ಲಿ ಬಡಿಯುತ್ತಲೇ ಇದ್ದವು. ಆಚೆ ಹೊಲದಲ್ಲಿ ಯಾರೋ ರಾಶಿ ಯಂತ್ರ ಚಾಲೂ ಮಾಡಿದರು. ಅದು ಮೊದಲು ಒಂದೊಂದೇ ಸುತ್ತು ತಿರುಗಿ, ಬರಬರುತ್ತ ಬಿರುಸಾಗಿ, ಹೊಟ್ಟನ್ನು ಮೇಲೆ ಮೇಲೆ ತೂರತೊಡಗಿತು.