ಅಳಿಯ ತಂದ ಪೆಲೆಟ್ ಒಲೆ

ವಿಮಲಮ್ಮನಿಗೆ ಅಳಿಯನ ಮೇಲೆ ದ್ವೇಷವೇನೂ ಇರಲಿಲ್ಲ. ದ್ವೇಷ ಮಾಡಿಸಿಕೊಳ್ಳುವುದಕ್ಕೂ ಒಂದು ಯೋಗ್ಯತೆ ಬೇಕು ಎಂದು ಆಕೆ ನಂಬಿದ್ದಳು. ಕೆ.ಆರ್. ನಗರದ ಶಶಿಕುಮಾರ್ ಆಕೆಯ ಒಬ್ಬಳೇ ಮಗಳು ಸೌಂದರ್ಯಳನ್ನು ಮದುವೆಯಾಗಿ ಆರು ವರ್ಷಕ್ಕೆ ಮೂರು ಕಸುಬು ಹಿಡಿದಿದ್ದ. ಮೊದಲು ಹನಿ ನೀರಾವರಿಯ ಪೈಪು, ಆಮೇಲೆ ಅಂಗಡಿಗಳಿಗೆ ಕ್ಯಾಮೆರಾ ಕೂರಿಸುವುದು, ಈಗ ಪೆಲೆಟ್ ಒಲೆ. ಅವನು ಬಂದಾಗಲೆಲ್ಲ ಆಕೆ ಕುರ್ಚಿ ಹಾಕಿಸಿ, ಕಾಫಿ ಕೊಟ್ಟು, ‘ಅಳಿಯಂದ್ರು’ ಎಂದೇ ಮಾತಾಡಿಸುತ್ತಿದ್ದಳು. ಆ ಒಂದು ಮರ್ಯಾದೆಯ ಮಾತಿನಲ್ಲಿ ಎಷ್ಟು ತಾತ್ಸಾರ ತುಂಬಬಹುದು ಎಂಬುದನ್ನು ಊರಿನ ಹೆಂಗಸರು ಆಕೆಯಿಂದಲೇ ಕಲಿತಿದ್ದರು.

ಆಕೆಯದು ಹಂಪಾಪುರದಿಂದ ಮೂರು ಕಿಲೋಮೀಟರ್ ಒಳಗಿನ ಊರು. ವಿಮಲಮ್ಮನಿಗೆ ಐದು ಎಕರೆ ಹೊಲವೂ ಹೊಗೆಸೊಪ್ಪು ಬೇಯಿಸುವ ಒಂದು ಬ್ಯಾರನ್ನೂ ಇದ್ದವು. ಗಂಡ ತೀರಿಕೊಂಡ ಮೇಲೆ ಎಂಟು ವರ್ಷದಿಂದ ಎರಡನ್ನೂ ಆಕೆಯೇ ನಡೆಸುತ್ತಿದ್ದಳು. ಬ್ಯಾರನ್ ಎಂದರೆ ಎತ್ತರದ, ಕತ್ತಲೆಯ ಮನೆ. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ಸಾಲುಸಾಲಾಗಿ ತೂಗುಹಾಕಿ, ಹೊರಗಿನ ಒಲೆಬಾಯಿಗೆ ಸೌದೆ ಒಡ್ಡಿ, ಐದಾರು ದಿನ ಹದವಾಗಿ ಕಾವು ಕೊಟ್ಟರೆ ಸೊಪ್ಪು ಹೊಂಬಣ್ಣಕ್ಕೆ ತಿರುಗುತ್ತದೆ. ಬೆಂಕಿ ತಡವಾದರೆ ಬೆವತು ಕಪ್ಪಾಗುತ್ತದೆ. ಆ ಬೆಂಕಿಯನ್ನು ಇಪ್ಪತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದವನು ಮಂಟಯ್ಯ.

ಸೌದೆ ವರ್ಷದಿಂದ ವರ್ಷಕ್ಕೆ ಸಿಕ್ಕದಾಗುತ್ತಿತ್ತು. ಇತ್ತ ಶಶಿಕುಮಾರನಿಗೂ ತನ್ನ ಒಲೆ ಉರಿಯುವುದನ್ನು ರೈತರಿಗೆ ತೋರಿಸಲು ಒಂದು ಬ್ಯಾರನ್ ಬೇಕಿತ್ತು. ಸೌಂದರ್ಯ ಎರಡು ತಿಂಗಳು ದಿನಾ ಫೋನು ಮಾಡಿ ಅಮ್ಮನನ್ನು ಒಪ್ಪಿಸಿದಳು. ಒಪ್ಪಿದ ದಿನವೇ ವಿಮಲಮ್ಮ ನೀರಿನ ಟ್ಯಾಂಕಿನ ಹತ್ತಿರ ನಿಂತು, ಹೆಣ್ಣು ಕೊಟ್ಟಿದ್ದು ಸಾಲದು ಅಂತ ಈಗ ಬ್ಯಾರನ್ನೂ ಕೊಡುತ್ತಿದ್ದೇನೆ ಎಂದು ನಾಲ್ಕು ಜನರಿಗೆ ಕೇಳುವಂತೆ ಹೇಳಿದಳು.

ಆಗಸ್ಟಿನ ಮೊದಲ ವಾರ ಒಲೆ ಬಂತು. ಮೇಲೊಂದು ತಗಡಿನ ಡಬ್ಬ, ಅದರ ತುಂಬ ಪೆಲೆಟ್, ಅಂದರೆ ಮರದ ಪುಡಿಯನ್ನು ಒತ್ತಿ ಮಾಡಿದ ಬೆರಳುದ್ದದ ತುಂಡುಗಳು. ಡಬ್ಬದ ಕೆಳಗೆ ತಿರುಗುವ ಸ್ಕ್ರೂ. ಅದು ಪೆಲೆಟ್‌ಗಳನ್ನು ಸ್ವಲ್ಪ ಸ್ವಲ್ಪವಾಗಿ ಕಬ್ಬಿಣದ ಬಟ್ಟಲಿಗೆ ತಳ್ಳುತ್ತದೆ. ಅಲ್ಲಿ ಕರೆಂಟಿನ ರಾಡು ಕೆಂಪಗೆ ಕಾದು ಹೊತ್ತಿಸುತ್ತದೆ, ಫ್ಯಾನು ಗಾಳಿ ಊದುತ್ತದೆ. ಇಷ್ಟನ್ನೂ ಶಶಿಕುಮಾರ್ ವಿವರಿಸಿದ. ಇಪ್ಪತ್ತು ಚೀಲ ಪೆಲೆಟ್ ಇಳಿಸಿ, ಇವನ್ನು ಮನೆಯೊಳಗೆ ಹಲಗೆಯ ಮೇಲೆ ಇಡಬೇಕು, ನೆಲದ ತಂಪೂ ತಾಗಬಾರದು ಎಂದು ಎರಡು ಸಲ ಹೇಳಿ ಹೋದ. ವಿಮಲಮ್ಮ ಒಂದು ತುಂಡು ತೆಗೆದು ಮೂಸಿ ನೋಡಿದಳು. ದನಕ್ಕೆ ಇಕ್ಕುವ ತಿಂಡಿಯ ಹಾಗೆಯೇ ಇತ್ತು. ರಾಗಿ ಇಡುವ ಕೋಣೆಯಲ್ಲಿ ಇದಕ್ಕೇನು ಕೆಲಸ ಎಂದು ಎಲ್ಲ ಚೀಲಗಳನ್ನೂ ಕೊಟ್ಟಿಗೆಯ ಸೂರಿನಡಿ ಒಟ್ಟಿಸಿ, ಮೇಲೊಂದು ಹಳೆಯ ಟಾರ್ಪಾಲು ಹೊದಿಸಿದಳು. ಆ ವಾರವೆಲ್ಲ ಸೋನೆ ಮಳೆ ಹಿಡಿದಿತ್ತು.

ತೋರಿಸುವ ದಿನ ಶುಕ್ರವಾರ ಎಂದಾಯಿತು. ಹಿಂದಿನ ದಿನ ಮುರಿದ ಸೊಪ್ಪನ್ನು ಹೆಂಗಸರು ಕಟ್ಟಿ ಬ್ಯಾರನ್ನಿಗೆ ಏರಿಸಿದ್ದರು. ಹಂಪಾಪುರ, ಹುಣಸೂರು, ಅಂತರಸಂತೆಯ ಕಡೆಯಿಂದ ಹತ್ತು ಜನ ರೈತರು ಬಂದರು. ಅಂತರಸಂತೆಯ ನಂಜುಂಡೇಶನಿಗೆ ಎರಡು ಬ್ಯಾರನ್ ಇದ್ದವು. ಅವನು ಕೊಂಡರೆ ಉಳಿದವರೂ ಕೊಳ್ಳುತ್ತಾರೆಂದು ಶಶಿಕುಮಾರ್ ಅವನಿಗೇ ಮುಂದಿನ ಕುರ್ಚಿ ಹಾಕಿದ್ದ. ಸೌಂದರ್ಯ ಎಲ್ಲರಿಗೂ ಉಪ್ಪಿಟ್ಟು ಕೊಟ್ಟಳು. ಮಂಟಯ್ಯ ಒಲೆಗೆ ಕುಂಕುಮ ಇಟ್ಟು ಕಾಯಿ ಒಡೆದ. ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದಿದ್ದ ಶಶಿಕುಮಾರ್ ಹತ್ತು ಗಂಟೆಗೆ ಗುಂಡಿ ಒತ್ತಿದ.

ಫ್ಯಾನು ಗುಯ್ಯೆಂದಿತು. ಸ್ಕ್ರೂ ಕಟಕಟ ಎಂದಿತು. ಎಲ್ಲರೂ ಗಾಜಿನ ಕಿಂಡಿಯತ್ತ ಬಗ್ಗಿ ನೋಡಿದರು. ಬಟ್ಟಲಿನಿಂದ ಸಣ್ಣಗೆ ಬಿಳಿ ಹೊಗೆ ಎದ್ದಿತು, ಬೆಂಕಿ ಏಳಲಿಲ್ಲ. ಎಂಟು ನಿಮಿಷಕ್ಕೆ ಒಲೆ ತಾನೇ ನಿಂತು ಕೆಂಪು ದೀಪ ಹಾಕಿತು.

ಮೊದಲ ಸಲ ಹಾಗಾಗುವುದುಂಟು ಎಂದು ಶಶಿಕುಮಾರ್ ಮತ್ತೆ ಒತ್ತಿದ. ಮತ್ತೆ ಎಂಟು ನಿಮಿಷ, ಮತ್ತೆ ಕೆಂಪು ದೀಪ. ಕರೆಂಟಿನ ವೋಲ್ಟೇಜು ಅಳೆದ, ಸರಿಯಿತ್ತು. ಬಟ್ಟಲನ್ನು ಕಳಚಿ ಅದರ ತೂತುಗಳಿಗೆಲ್ಲ ತಂತಿ ಹಾಕಿ ನೋಡಿದ. ಹೊಸ ಬಟ್ಟಲು, ಕಟ್ಟಿಕೊಳ್ಳಲು ಅದರಲ್ಲಿ ಬೂದಿಯೇ ಇರಲಿಲ್ಲ. ಫ್ಯಾನಿನ ಬಾಯಿಗೆ ಒಂದು ಕಾಗದ ಹಿಡಿದ, ಗಾಳಿ ಬರುತ್ತಿತ್ತು. ಕಂಪನಿಯವರಿಗೆ ಫೋನು ಮಾಡಿದ. ಅವರು ಒಮ್ಮೆ ಆಫ್ ಮಾಡಿ ಆನ್ ಮಾಡಿ ಎಂದರು.

ವಿಮಲಮ್ಮ ಜಗಲಿಯ ಮೇಲೆ ಕುಳಿತು ಇದನ್ನೆಲ್ಲ ಸುಖವಾಗಿ ನೋಡಿದಳು. ಅಡುಗೆಮನೆಯ ಒಲೆ ಹಚ್ಚಲು ತಾನು ಯಾವತ್ತೂ ಯಾರಿಗೂ ಫೋನು ಮಾಡಿಲ್ಲ ಎಂದು ಪಕ್ಕದಲ್ಲಿದ್ದ ಹುಣಸೂರಿನ ಮುದುಕರೊಬ್ಬರಿಗೆ ಹೇಳಿದಳು. ಮೂರನೇ ಸಲವೂ ಕೆಂಪು ದೀಪ ಬಂದಾಗ ದನಿ ಎತ್ತಿ, “ಮಂಟಯ್ಯ, ಸೌದೆ ಅಂಗೇ ಇರ್ಲಿ ಕಣೋ, ದೂರ ಸಾಗಿಸ್ಬ್ಯಾಡ. ಅಳಿಯಂದ್ರು ದೀಪ ಹಚ್ಚಿ ತೋರಿಸ್ತಾವ್ರೆ, ಬೆಂಕಿ ನಾವೇ ಹಚ್ಕೊಬೇಕು” ಎಂದಳು. ರೈತರು ನಕ್ಕರು. ಸೌಂದರ್ಯ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದವಳು ಹೊರಗೆ ಬರಲಿಲ್ಲ.

ಶಶಿಕುಮಾರನೂ ಒಂದಿಷ್ಟು ನಕ್ಕ. ಗಾಡಿಯಿಂದ ಹೊಸ ರಾಡು ತಂದು ಹಳೆಯದನ್ನು ಬದಲಾಯಿಸಿದ. ಬಿಸಿಯಿದ್ದ ತಗಡಿಗೆ ಮುಂಗೈ ತಾಗಿ ಸುಟ್ಟಿತು. ಅಂಗಿಯ ತೋಳೆಲ್ಲ ಮಸಿಯಾಗಿತ್ತು. ಹೊಸ ರಾಡು ಕೆಂಪಗೆ ಕಾದದ್ದು ಕಿಂಡಿಯಲ್ಲಿ ಎಲ್ಲರಿಗೂ ಕಂಡಿತು, ಆದರೂ ಬೆಂಕಿ ಹಿಡಿಯಲಿಲ್ಲ.

ಆಗ ಅವನು ಬಟ್ಟಲಿನಿಂದ ಒಂದು ಪೆಲೆಟ್ ತೆಗೆದು ಬೆರಳುಗಳ ನಡುವೆ ಒತ್ತಿದ. ಒಳ್ಳೆಯ ಪೆಲೆಟ್ ಕಡಲೆಯ ಹಾಗೆ ಗಟ್ಟಿ, ಮುರಿದರೆ ಟಕ್ಕೆನ್ನಬೇಕು. ಇದು ಹಾಲಿಗೆ ಅದ್ದಿದ ರಸ್ಕಿನ ಹಾಗೆ ಸದ್ದಿಲ್ಲದೆ ಪುಡಿಯಾಯಿತು. ಅವನು ಅಂಗೈ ನೋಡಿಕೊಂಡ. ಪೆಲೆಟ್ ಎಲ್ಲಿಟ್ಟಿದ್ದೀರಿ ಎಂದು ಮಂಟಯ್ಯನನ್ನು ಮೆಲ್ಲಗೆ ಕೇಳಿ ಕೊಟ್ಟಿಗೆಯ ಕಡೆ ನಡೆದ. ವಿಮಲಮ್ಮ ಏನು ಹುಡುಕುತ್ತಾನೋ ನೋಡೋಣವೆಂದು ಹಿಂದೆಯೇ ಹೋದಳು.

ಶಶಿಕುಮಾರ್ ಟಾರ್ಪಾಲು ಎತ್ತಿದ. ಗೋಡೆಯ ಬದಿಯ ಚೀಲಗಳು ಉಬ್ಬಿ ಹೊಲಿಗೆ ಬಿಟ್ಟಿದ್ದವು. ಕೆಳಗಿನ ಸಾಲು ನೀರು ಕುಡಿದು ಅಂಬಲಿಯಾಗಿತ್ತು. ಮೇಲಿನ ಚೀಲಗಳಿಗೂ ತಣಸು ಏರಿತ್ತು. ಅವನು ಕೈ ಹಾಕಿ ಒಂದು ಹಿಡಿ ತೆಗೆದ. ತಿರುಗಿ ಅತ್ತೆಯನ್ನು ನೋಡಿದ. ವಿಮಲಮ್ಮ ಏನಾದರೂ ಹೇಳುತ್ತಾನೆಂದು ಕಾದಳು. ಉತ್ತರವನ್ನೂ ಸಿದ್ಧ ಮಾಡಿಕೊಂಡಳು: ರಾಗಿಗಿಂತ ದೊಡ್ಡದೇ ಇದು, ಅಂತ. ಅವನು ಕೇಳಲಿಲ್ಲ. ಹಿಡಿಯಲ್ಲಿದ್ದುದನ್ನು ಚೀಲಕ್ಕೇ ಹಾಕಿ, ಟಾರ್ಪಾಲನ್ನು ಎಳೆದು ಮೊದಲಿನಂತೆಯೇ ಮುಚ್ಚಿ, ಬ್ಯಾರನ್ನಿನ ಕಡೆ ಹೊರಟುಹೋದ.

ಅಲ್ಲಿ ಹತ್ತು ಜನರ ಮುಂದೆ ನಿಂತು, ರಾಡು ಸರಿಯಿಲ್ಲ, ನೋಡದೆ ತಂದದ್ದು ತನ್ನದೇ ತಪ್ಪು, ಇನ್ನೊಂದು ಗಂಟೆ ಸಮಯ ಕೊಡಿ ಎಂದು ಕೇಳಿಕೊಂಡ.

ನಂಜುಂಡೇಶ್ ಕುರ್ಚಿಯಿಂದ ಎದ್ದು ಪಂಚೆ ಕೊಡವಿಕೊಂಡ. ಅವನಿಗೆ ಶಶಿಕುಮಾರನ ಜೊತೆ ಮಾತಾಡುವ ಅಗತ್ಯವೂ ಕಾಣಲಿಲ್ಲ. ವಿಮಲಮ್ಮನ ಕಡೆ ತಿರುಗಿ, “ಹೆಣ್ಣು ಕೊಟ್ಟಿದ್ದು ಸಾಲ್ದು ಅಂತ ಬ್ಯಾರನ್ನೂ ಕೊಟ್ರಲ್ಲ, ವಿಮಲಮ್ಮೋರೆ” ಎಂದ.

ಮಾತು ಊರಿಂದ ಊರಿಗೆ ನಡೆದು ಅಂತರಸಂತೆಯನ್ನು ಮುಟ್ಟಿ ವಾಪಸು ಬಂದಿತ್ತು. ತನ್ನ ಬಾಯಲ್ಲಿ ಅಷ್ಟು ಚೆನ್ನಾಗಿದ್ದದ್ದು ಈ ಮನುಷ್ಯನ ಬಾಯಲ್ಲಿ ಇಷ್ಟು ಗಲೀಜಾಗಿ ಕೇಳುತ್ತದೆಂದು ವಿಮಲಮ್ಮ ಎಣಿಸಿರಲಿಲ್ಲ. ಎಲ್ಲರೂ ನಗುತ್ತಿದ್ದರು. ಶಶಿಕುಮಾರ್ ತಲೆ ಬಗ್ಗಿಸಿ ಸ್ಪ್ಯಾನರು ಹುಡುಕುತ್ತಿದ್ದ. ಸುಟ್ಟ ಮುಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅಡುಗೆಮನೆಯ ಕಿಟಕಿಯಲ್ಲಿ ಸೌಂದರ್ಯಳ ಮುಖ ಕಂಡಿತು. ಮಗಳು ನೋಡುತ್ತಿದ್ದದ್ದು ಗಂಡನನ್ನಲ್ಲ, ಅಮ್ಮನನ್ನು.

“ಒಲೆಗೆ ಏನೂ ಆಗಿಲ್ಲ ಕಣ್ರೀ” ಎಂದಳು ವಿಮಲಮ್ಮ. ಆಕೆಯ ದನಿಯಲ್ಲಿ ನಾಚಿಕೆಯಿರಲಿಲ್ಲ. ಸದಾ ಇರುವ ತಾತ್ಸಾರವೇ ಇತ್ತು. “ಪೆಲೆಟ್ ನೆನೆಸಿದ್ದು ನಾನು. ಒಳಗಿಡಿ, ತಂಪು ತಾಗಬಾರ್ದು ಅಂತ ಅಳಿಯಂದ್ರು ಎರಡು ಸಾರಿ ಅಂದಿದ್ರು. ದನದ ತಿಂಡಿ ಅಂತ ನಾನೇ ಕೊಟ್ಟಿಗೆ ಸೂರಿನಡಿ ಹಾಕಿಸ್ದೆ. ನೆಂದ ಸೌದೆ ಉರಿಯಕಿಲ್ಲ ಅಂತ ಗೊತ್ತಿರೋ ಹೆಂಗಸೇ ಇಂಗೆ ಮಾಡಿರೋದು. ನಗೋದಾದ್ರೆ ನನ್ನ ನೋಡ್ಕಂಡು ನಗಿ.”

ಯಾರೂ ನಗಲಿಲ್ಲ. ವಿಮಲಮ್ಮನನ್ನು ನೋಡಿಕೊಂಡು ನಗುವ ಧೈರ್ಯ ಆ ಹೋಬಳಿಯಲ್ಲಿ ಯಾರಿಗೂ ಇರಲಿಲ್ಲ. ನಂಜುಂಡೇಶ್, ಒಲೆ ಉರಿಯಲಿ ಬಿಡಲಿ ತನಗೆ ಕೆಲಸವಿದೆ ಎಂದು ಹೊರಟ. ಅವನ ಹಿಂದೆ ಒಬ್ಬೊಬ್ಬರೇ ಬಸ್ಸು, ದನ, ನೆಂಟರು ಎಂದು ಎದ್ದರು. ಉಳಿದವರು ಹುಣಸೂರಿನ ಮುದುಕರು ಮಾತ್ರ. ಅವರನ್ನು ಕರೆದುಕೊಂಡು ಹೋಗಲು ಮಗ ಸಂಜೆ ಬರುವವನಿದ್ದ.

ಗಂಟೆ ಒಂದಾಗಿತ್ತು, ಒಳಗೆ ಸೊಪ್ಪು ಬೆವರಲು ಶುರುವಾಗಿತ್ತು. ರೈತರಿಗೆ ಮಾದರಿ ಕೊಡಲೆಂದು ತಂದಿದ್ದ ಮೂರು ಚೀಲ ಒಣ ಪೆಲೆಟ್ ಶಶಿಕುಮಾರನ ಗಾಡಿಯಲ್ಲಿದ್ದವು. ಆದರೆ ಡಬ್ಬದಲ್ಲಿದ್ದ ತಣಸಾದ ಮಾಲನ್ನೆಲ್ಲ ತೆಗೆಯದೆ ಅವನ್ನು ಹಾಕುವಂತಿರಲಿಲ್ಲ. ವಿಮಲಮ್ಮ ಸೆರಗು ಸಿಕ್ಕಿಸಿಕೊಂಡು ಡಬ್ಬಕ್ಕೆ ಭುಜದವರೆಗೆ ಕೈ ಹಾಕಿ ಬಾಚಿ ಬಾಚಿ ಹೊರಗೆ ಹಾಕಿದಳು. ಶಶಿಕುಮಾರ್ ಸ್ಕ್ರೂ ಬಿಚ್ಚಿದ. ಅದರ ಸುತ್ತುಗಳಲ್ಲಿ ಒದ್ದೆ ಪುಡಿ ಗಾರೆಯಂತೆ ಗಟ್ಟಿಯಾಗಿ ಕೂತಿತ್ತು, ಚಾಕುವಿನಿಂದ ಕೆರೆಯಬೇಕಾಯಿತು. ಕೆಲಸದ ಭರದಲ್ಲಿ ಅವನು ಅತ್ತೆಗೆ ಅದು ಹಿಡಿದುಕೊಳ್ಳಿ, ಇದು ತಿರುಗಿಸಿ, ಟಾರ್ಚು ಈ ಕಡೆ ಎಂದು ಹೇಳತೊಡಗಿದ. ಆಕೆ ಹೇಳಿದಂತೆ ಮಾಡಿದಳು. ಮಂಟಯ್ಯ ಇಪ್ಪತ್ತು ವರ್ಷದಲ್ಲಿ ಇಂಥದ್ದನ್ನು ಕಂಡಿರಲಿಲ್ಲ.

ಒಮ್ಮೆ ಮಂಟಯ್ಯ ನೀರು ತರಲು ಹೋದಾಗ ಶಶಿಕುಮಾರ್ ತಲೆ ಎತ್ತದೆ, “ನೀವು ಹೇಳ್ಬೇಕಾಗಿರ್ಲಿಲ್ಲ ಅತ್ತೆ. ನಾನು ಹೆಂಗೋ ಸಂಭಾಳಿಸ್ತಿದ್ದೆ” ಎಂದ.

“ಏನ್ ಸಂಭಾಳಿಸ್ತಿದ್ರಿ?” ಎಂದಳು ವಿಮಲಮ್ಮ. “ಎಲ್ಲಾರ ಕಣ್ಮುಂದೆ ಹೊಸ ರಾಡು ಹಾಕಿ, ಅದು ಕೆಂಪಗೆ ಕಾದಿದ್ದನ್ನೂ ತೋರಿಸಿ, ಆಮೇಲೆ ರಾಡು ಸರಿಯಿಲ್ಲ ಅಂದ್ರಲ್ಲ. ಸುಳ್ಳು ಹೇಳಕ್ಕೂ ಒಂಚೂರು ಬುದ್ಧಿ ಬ್ಯಾಡ್ವಾ?”

ಶಶಿಕುಮಾರ್ ಸ್ಕ್ರೂ ಕೆಳಗಿಟ್ಟು ನಕ್ಕುಬಿಟ್ಟ. ವಿಮಲಮ್ಮ ನಗಲಿಲ್ಲ. ಕೈ ತೊಳೆದುಕೊಂಡು ಒಳಗೆ ಹೋಗಿ ಲೋಳೆಸರದ ಒಂದು ತುಂಡು ತಂದು ಅವನ ಪಕ್ಕದಲ್ಲಿ ಇಟ್ಟು, ಬೊಬ್ಬೆಗೆ ಹಚ್ಚಿಕೊಳ್ಳಿ ಎಂದಳು.

ನಾಲ್ಕೂಕಾಲಿಗೆ ಗುಂಡಿ ಒತ್ತಿದಾಗ ಐದನೇ ನಿಮಿಷಕ್ಕೆ ಬಟ್ಟಲಿನಲ್ಲಿ ನೀಲಿ ಸೆರಗಿನ ಬೆಂಕಿ ಎದ್ದಿತು. ಫ್ಯಾನಿನ ಸದ್ದು ಮುಳುಗುವಷ್ಟು ಜೋರಾಗಿ ಭುಸುಗುಟ್ಟಿತು. ಸೌಂದರ್ಯ ಓಡಿ ಬಂದು ಕಿಂಡಿಯಲ್ಲಿ ನೋಡಿದಳು. ಹುಣಸೂರಿನ ಮುದುಕರು, ಚೆನ್ನಾಗಿದೆ, ಆದರೆ ತಾವು ಬ್ಯಾರನ್ ಮಾರಿ ಎರಡು ವರ್ಷವಾಯಿತು, ಸುಮ್ಮನೆ ನೋಡಲು ಬಂದದ್ದು ಎಂದರು. ವಿಮಲಮ್ಮ ಅವರ ಕಾಫಿ ಲೋಟ ತೆಗೆದುಕೊಂಡು ಹೋದಳು, ಮತ್ತೆ ತುಂಬಿಸಿ ತರಲಿಲ್ಲ.

ಮರುದಿನ ಬೆಳಿಗ್ಗೆಯೇ ಬಂದ ಹೊಸ ಪೆಲೆಟ್ ಚೀಲಗಳು ರಾಗಿಯ ಕೋಣೆಯಲ್ಲೇ ಇಳಿದವು. ಆ ಸಲದ ಸೊಪ್ಪಿನಲ್ಲಿ ಕೆಳಗಿನ ಎರಡು ಸಾಲು ಕಪ್ಪಾಯಿತು. ಉಳಿದದ್ದು ಹೊಂಬಣ್ಣಕ್ಕೇ ಬಂತು. ಆಮೇಲಿನ ಆರು ಸಲವೂ ಆ ಒಲೆಯೇ ಉರಿಯಿತು. ನಡುವೆ ಒಮ್ಮೆ ಬಟ್ಟಲಿನ ತೂತುಗಳಿಗೆ ಬೂದಿ ಕಟ್ಟಿ ಕೆಂಪು ದೀಪ ಬಂದಾಗ ವಿಮಲಮ್ಮನೇ ಹಳೆಯ ಛತ್ರಿಯ ಕಡ್ಡಿಯಿಂದ ಬಿಡಿಸಿ ಹೊತ್ತಿಸಿದಳು. ಆದರೆ ಅಂದು ಬಂದಿದ್ದ ಹತ್ತು ಜನರಲ್ಲಿ ಒಬ್ಬರೂ ಒಲೆ ಕೊಳ್ಳಲಿಲ್ಲ.

ಅಕ್ಟೋಬರಿನಲ್ಲಿ ಸೌಂದರ್ಯ ಫೋನು ಮಾಡಿ, ಇವರು ಒಲೆ ಕೆಲಸ ಬಿಡುತ್ತಾರಂತೆ, ಬೋರ್‌ವೆಲ್ ಮೋಟರಿನ ಏಜೆನ್ಸಿ ಕೇಳಿದ್ದಾರಂತೆ ಎಂದಳು. ವಿಮಲಮ್ಮ ಅಳಿಯನಿಗೆ ಫೋನು ಕೊಡಿಸಿ, ಸೋಮವಾರ ಗಾಡಿ ತೆಗೆದುಕೊಂಡು ಬರುವಂತೆ ಹೇಳಿದಳು.

ಸೋಮವಾರ ಅತ್ತೆ ಅಳಿಯ ಮೂರು ಊರು ಸುತ್ತಿದರು. ಮೊದಲನೇ ಊರಿನಲ್ಲಿ ವಿಮಲಮ್ಮ ಒಬ್ಬ ರೈತನ ಬ್ಯಾರನ್ ನೋಡಿ, ಇದರಲ್ಲಿ ಸೊಪ್ಪು ಬೇಯಿಸುತ್ತೀರೋ ಕೋಳಿ ಸಾಕುತ್ತೀರೋ ಎಂದು ಕೇಳಿದಳು. ಅವನು ಹೊಲದ ಕಡೆ ನಡೆದುಬಿಟ್ಟ. ಎರಡನೆಯದರಲ್ಲಿ ಅಣ್ಣತಮ್ಮಂದಿರಿಬ್ಬರಿಗೆ ಅವರ ಅಪ್ಪನ ಕಾಲದಿಂದ ಮಾಡಿದ ತಪ್ಪುಗಳನ್ನೆಲ್ಲ ಹೇಳಿ ಬಂದಳು. ಮೂರನೆಯ ಊರಿನಲ್ಲಿ ಪ್ರಭುಸ್ವಾಮಿ ಎಂಬಾತ ಅರ್ಧ ಗಂಟೆ ಕೇಳಿಸಿಕೊಂಡು, ಆಯ್ತು ತಾಯಿ, ಒಂದು ಒಲೆ ಕೂರಿಸಿ, ಇನ್ನು ನೀವು ಹೊರಡಿ ಎಂದು ಕೈ ಮುಗಿದ.

ವಾಪಸು ಬರುವಾಗ ಶಶಿಕುಮಾರ್, ಮುಂದಿನ ಸಲ ನಾನೊಬ್ಬನೇ ಹೋಗಿ ಬರುತ್ತೇನೆ ಅತ್ತೆ, ನಿಮಗೇಕೆ ತೊಂದರೆ ಎಂದ. ವಿಮಲಮ್ಮ ಗಾಡಿಯ ಕಿಟಕಿಯಿಂದ ಹೊರಗೆ ನೋಡುತ್ತ, ಪ್ರಭುಸ್ವಾಮಿ ಚೀಲಗಳನ್ನು ಎಲ್ಲಿಡುತ್ತಾನೋ ತಾನೇ ಹೋಗಿ ನೋಡಬೇಕು, ಅವನ ಮುಖ ನೋಡಿದರೆ ಬುದ್ಧಿ ಇರುವವನ ಹಾಗೆ ಕಾಣಲಿಲ್ಲ ಎಂದಳು.